ಬೆರಳೊಂದ ಬಿಟ್ಟು

ಬರಲು ತರೂದು ನನ್ನ ಪಾಳಿ.
ವರ್ಷಪೂರ್ತಿ ನನ್ನದ ಪಾಳಿ, ಯಾಕಂದ್ರ
ನನಗ ಗಿಡ ಏರಾಕ ಬರತಿತ್ತು,
ಮತ್ತ ತಂದಾಂವಗ ಏಟು ಬೀಳೂದು ಕಮ್ಮಿ.

ಗುಳೇದಗುಡ್ಡದ ಗಂಡುಮಕ್ಕಳ ಸರಕಾರಿ ಸಾಲಿ,
ಹಿಂದ ಕೆಂಪು ಕಲ್ಲಿನ ಗುಡ್ಡ, ಮುಂದ ಹುಣಸಿಗಿಡ.
ಯಾವ ಟೊಂಗಿ ಯಾವ ತಪ್ಪಿಗೆ ಅನ್ನೂದು
ಹನ್ನೊಂದನೇ ವಯಸ್ಸಿಗೇ ನನಗ ಬಾಯಿಪಾಠ:
ಮಗ್ಗಿ ತಪ್ಪಿದ್ರ ಹಸೀದು, ಅದು ಬಳುಕತೈತಿ, ಉರಿ ಹೆಚ್ಚು;
ಸಾಲಿ ತಪ್ಪಿಸಿದ್ರ ಒಣಗಿದ್ದು, ಬೆರಳ ದಪ್ಪ.
ಗಿಣ್ಣು ಇರಬಾರದು. ಗಿಣ್ಣಿದ್ರ ರಕ್ತ ಬರತೈತಿ,
ರಕ್ತ ಬಂದ್ರ ಮನಿಯವರು ಬರತಾರ.

ಹುಚ್ಚೇಶನ ಅವ್ವ ಗುರಬಸವ್ವ
ರಕ್ತ ಬರದಿದ್ರೂ ಬಂದಿದ್ಲು.
ಬಾಗಲಕ ನಿಂತ್ಲು, ಒಳಗ ಕಾಲಿಡಲಿಲ್ಲ:
"ಹೊಡೀರಿ ಸರ, ಬ್ಯಾಡ ಅನ್ನಂಗಿಲ್ಲ.
ಚರ್ಮ ನಿಮ್ಮದು, ಎಲುಬು ನಮ್ಮದು.
ಬೆರಳೊಂದ ಬಿಟ್ಟು ಎಲ್ಲಿ ಬೇಕಾದ್ರೂ ಹೊಡೀರಿ.
ಸಂಜಿಕ ಅಂವ ಎಳಿ ಕಟ್ಟಬೇಕು."

ಲಾಯದಗುಂದಿ ಮಾಸ್ತರ ಹೂಂ ಅಂದ್ರು.
ಕೆಟ್ಟ ಮನಷ್ಯಾ ಅಲ್ಲ.
ಪರೀಕ್ಷಾ ಫೀ ಇಲ್ಲದವರದು ತಾವ ತುಂಬತಿದ್ರು,
ಜ್ವರ ಬಂದವರನ್ನ ಸೈಕಲ್ ಮ್ಯಾಲ ಮನೀಗೆ ಮುಟ್ಟಸತಿದ್ರು.
ಇದನ್ನ ಯಾಕ ಹೇಳಾಕತ್ತೀನಿ, ಗೊತ್ತಿಲ್ಲ.

ಮರುದಿನ ಲೆಕ್ಕ. ಹುಚ್ಚೇಶ ತಪ್ಪೇ ತಪ್ಪತಾನ.
ಪೆನ್ಸಿಲ್ ಕೆತ್ತೂ ಬ್ಲೇಡಿಲೆ ಬರಲಿನ ಹೊಟ್ಟಿ ಕೊಯ್ದೆ,
ಮ್ಯಾಲ ಮಣ್ಣು ತಿಕ್ಕಿ ಗಾಯ ಮುಚ್ಚಿದೆ.
ಮೊದಲನೇ ಏಟಿಗೆ ಪಟ್ಟಂತ ಮುರೀತು.
ನಲವತ್ತಾರು ಹುಡುಗೂರು ಒಮ್ಮೆಲೆ ನಕ್ಕವು.
ಹುಚ್ಚೇಶನೂ ನಕ್ಕ. ಅದ ತಪ್ಪಾತು.

ಮಾಸ್ತರ ತುಂಡು ಎತ್ತಿ ನೋಡಿದ್ರು. ಬ್ಲೇಡಿನ ಗೆರಿ ನೋಡಿದ್ರು.
ನನ್ನ ನೋಡಿದ್ರು. ಹೊಡೀಲಿಲ್ಲ, ಬೈಲಿಲ್ಲ.
"ಇನ್ನೊಂದು ತಾ."

ತಂದೆ.
ಗಟ್ಟೀದು ತಂದೆ. ಗಿಡದ ತುದಿತನಕ ಏರಿ, ಹುಡುಕಿ,
ಇದ್ದುದರಾಗ ಛಲೋದು ತಂದೆ.

ಎಷ್ಟು ಬಿದ್ವು, ಎಣಿಸಲಿಲ್ಲ. ಬೆನ್ನಿಗಲ್ಲ.
ತೋರಬೆರಳಿನ ಉಗುರು ಕಪ್ಪಾತು.
ಅವರ ಕುಣಿಮಗ್ಗದಾಗ ಆ ವಾರ
ಸೂಜಿಮಲ್ಲಿಗಿ ಖಣ ಇಳೀತಿತ್ತು.
ಕಡದ ಎಳಿ ಕಡದಂಗ ಉಳೀತು,
ಗೇಣುದ್ದ ಒಂದು ಬಿಳೀ ಗೆರಿ.
ಸಾವಕಾರ ಬೆಳಕಿಗೆ ಹಿಡದು, ಕೂಲಿ ಮುರಕೊಂಡ.
ಆದ್ರೂ ಮಾರಿರತಾನ, ಖಣ ಯಾರು ಒಗೀತಾರ?
ಯಾವ ಊರಾಗೋ ಯಾರೋ ಒಬ್ಬಾಕಿ
ಅದನ್ನ ಕುಪ್ಪಸ ಹೊಲಿಸಿರತಾಳ,
ಬೆನ್ನ ಮ್ಯಾಲ ಆ ಗೆರಿ ಹೊತ್ಕೊಂಡು
ಲಗ್ನಕ್ಕ, ಸಂತಿಗೆ, ತಂಗಿಯ ಬಾಣಂತನಕ್ಕ ಹೋಗಿರತಾಳ.
ನಾನು ಆರಿಸಿದ ಟೊಂಗಿ ಅದು ಅಂತ
ಆಕಿಗೆ ಯಾರು ಹೇಳಬೇಕು?

ಈಗ ಅದ ಸಾಲಿ, ನಾನ ಮಾಸ್ತರ.
ಗ್ವಾಡಿಗೆ ದೂರಿನ ಪೆಟ್ಟಿಗಿ ಐತಿ, ಕೀಲಿ ಯಾರ ಹತ್ರ ಐತೋ.
ಹೊಡಿಬಾರದು ಅಂತ ಸುತ್ತೋಲೆ ಐತಿ, ಸಹಿ ಮಾಡೇನಿ.
ಹೊಡದಿಲ್ಲ ನಾನು, ಹತ್ತೊಂಬತ್ತು ವರ್ಷ ಆತು.
ಒಮ್ಮೆ ಕಿವಿ ಹಿಂಡೀನಿ. ಎರಡು ಸಲ.

ಜುಲೈದಾಗ ಹುಚ್ಚೇಶ ಬಂದ, ಮಗನ ರಟ್ಟಿ ಹಿಡಕೊಂಡು.
ನನಗ ಸರ ಅಂದ.
"ಸಾಲಿಗೆ ಕಳಿಸಿದ್ರ ಮೊಬೈಲ್ ಅಂಗಡ್ಯಾಗ ಇರತಾನ್ರಿ.
ನಾಕು ಬಾರಿಸರಿ. ನಾವೂ ಹಂಗ ಕಲತೀವಿಲ್ಲ?"
ಏಳನೇತ್ತಕ್ಕ ಸಾಲಿ ಬಿಟ್ಟಾಂವ ಅಂವ.
ನಾನು ನೆನಪ ಮಾಡಿಕೊಡಲಿಲ್ಲ.
ಹೋಗುಮುಂದ ಬಾಗಲಕ ತಿರುಗಿ ನಿಂತ,
ಅವ್ವ ನಿಂತಿದ್ದ ಜಾಗಾದಾಗ:
"ಮಗ್ಗ ಮಾರೇವ್ರಿ ಸರ, ಎಂಟು ವರ್ಷ ಆತು.
ಬೆರಳಿಗೆ ಹೊಡದ್ರೂ ನಡೀತೈತಿ."

ಹುಡುಗ ಆಗಲೇ ಕೈ ಚಾಚಿ ನಿಂತಿದ್ದ, ಕಣ್ಣು ಮುಚ್ಚಿ.
ಅಂಗೈಯಾಗ ಪೆನ್ನಿಲೆ ಬರದ ಯಾವುದೋ ನಂಬರ.
"ಕೈ ಇಳಿಸೋ" ಅಂದೆ. ಇಳಸಲಿಲ್ಲ.
ಮತ್ತೊಮ್ಮೆ ಅಂದೆ, ಸ್ವಲ್ಪ ಜೋರಾಗಿ.
ಇನ್ನಷ್ಟು ಚಾಚಿದ.

ಸಂಜಿಕ ಸಾಲಿ ಕೀಲಿ ಹಾಕಿ ಹೊಂಟೆ.
ಮಳಿ ಬಿದ್ದು ಹುಣಸಿಗಿಡ ಚಿಗುರಿತ್ತು.
ತಲಿ ನಾನು ಎತ್ತಲಿಲ್ಲ, ತಾನ ಎದ್ದಿತು:
ಬಲಕ್ಕ, ಮೂರನೇ ಟೊಂಗಿ,
ಎರಡು ಮೊಳ, ಬೆರಳ ದಪ್ಪ,
ಗಿಣ್ಣಿಲ್ಲ.